ಮೂವತ್ನಾಲ್ಕಕ್ಕೆ ಫ್ರೆಶರ್: ಗದಗದ ಪ್ರೆಸ್ಸಿನಿಂದ ಹುಬ್ಬಳ್ಳಿಯ ಟೆಸ್ಟಿಂಗ್ ಕೆಲಸದವರೆಗೆ

2026ರ ಜನವರಿ 5, ಸೋಮವಾರ. ಅವತ್ತು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟ್ರೈನಿ ಟೆಸ್ಟರ್ ಆಗಿ ಸೇರಿದೆ, ಅಂದರೆ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಕೆಲಸ. ನನಗೆ ಮೂವತ್ನಾಲ್ಕು ನಡೀತಾ ಇದೆ. ಪಕ್ಕದ ಕುರ್ಚಿಯ ಹುಡುಗನಿಗೆ ಇಪ್ಪತ್ತೆರಡು. ಇಬ್ಬರಿಗೂ ಒಂದೇ ಹುದ್ದೆ, ಒಂದೇ ಸ್ಟೈಪೆಂಡ್. ಅವನು ನನಗೆ ಇನ್ನೂ 'ಸರ್' ಅಂತಾನೆ, ಎಷ್ಟು ಹೇಳಿದರೂ ಬಿಡುತ್ತಿಲ್ಲ.

ಇಲ್ಲಿಗೆ ಬರಲು ಸುಮಾರು ಒಂದು ವರ್ಷ ಹಿಡಿಯಿತು. ಈ ವರ್ಷದಲ್ಲಿ ಯಾರೂ ಮೊದಲೇ ಹೇಳದಿದ್ದ ಎಷ್ಟೋ ಸಂಗತಿಗೆ ಡಿಕ್ಕಿ ಹೊಡೆದಿದ್ದೇನೆ. ಬೇರೆ ಕೆಲಸ ಬಿಟ್ಟು, ಓದುತ್ತಲೇ ಈ ಕಡೆ ಬರಬೇಕು ಅಂತಿರುವವರು ಗದಗ, ಹಾವೇರಿ, ಹುಬ್ಬಳ್ಳಿ ಕಡೆ ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ನೆನಪಿದ್ದಷ್ಟು ಬರೆಯುತ್ತಿದ್ದೇನೆ.

ನಾನು ಓದಿದ್ದು ಬಿ.ಎಸ್ಸಿ., 2013ರಲ್ಲಿ ಮುಗಿಸಿದೆ. ಗದಗ-ಬೆಟಗೇರಿ ಅಂದರೆ ಪ್ರೆಸ್ಸುಗಳ ಊರು. ಓಣಿಗೊಂದು ಪ್ರೆಸ್ ಇದ್ದ ಕಾಲದಲ್ಲಿ ಬೆಳೆದವನು ನಾನು. ಡಿಗ್ರಿ ಮುಗಿದ ಮೇಲೆ 'ಸ್ವಲ್ಪ ದಿನ ಇರಲಿ' ಅಂತ ಒಂದು ಪ್ರೆಸ್ಸಿಗೆ ಡಿ.ಟಿ.ಪಿ. ಕೆಲಸಕ್ಕೆ ಹೋದೆ. ಆ ಸ್ವಲ್ಪ ದಿನ ಹನ್ನೊಂದು ವರ್ಷ ಆಯಿತು. ಲಗ್ನಪತ್ರಿಕೆ, ಸೊಸೈಟಿಯ ರಸೀದಿ ಪುಸ್ತಕ, ವಾರ್ಷಿಕ ವರದಿ, ಜಾತ್ರೆಯ ಹ್ಯಾಂಡ್‌ಬಿಲ್. ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡೋದು, ಪೇಜ್‌ಮೇಕರ್‌ನಲ್ಲಿ ಕೂಡಿಸೋದು, ಕೋರೆಲ್‌ಡ್ರಾದಲ್ಲಿ ಗಣಪತಿ ಇಡೋದು. ಪ್ರೂಫ್ ನೋಡುವ ಕೆಲಸವೂ ನನ್ನದೇ. ಒಂದು ಪತ್ರಿಕೆಯಲ್ಲಿ 'ಆಶೀರ್ವಾದ'ದ ಅರ್ಕಾವೊತ್ತು ಬಿಟ್ಟುಹೋಗಿ, ಐದುನೂರು ಕಾರ್ಡು ಮತ್ತೆ ಹೊಡೆದುಕೊಟ್ಟಿದ್ದೆವು. ಅದಾದ ಮೇಲೆ ಅಕ್ಷರದ ಮೇಲೆ ಬೆರಳಿಟ್ಟು ಓದುವ ಚಾಳಿ ಬಂತು.

ಕೊರೋನಾ ಆದ ಮೇಲೆ ಲಗ್ನಪತ್ರಿಕೆ ಅರ್ಧಕ್ಕೆ ಇಳಿಯಿತು. ಮೊದಲು ಸಾವಿರ ಹೊಡೆಸುತ್ತಿದ್ದವರು ಇನ್ನೂರು ಹೊಡೆಸಿ ಉಳಿದಿದ್ದನ್ನು ವಾಟ್ಸಾಪ್‌ನಲ್ಲಿ ಕಳಿಸಲು ಶುರು ಮಾಡಿದರು. 2024ರ ದೀಪಾವಳಿ ಮುಗಿದ ವಾರ ಸಾವ್ಕಾರ್ರು ಕರೆದು ಕೂರಿಸಿದರು. "ತಮ್ಮಾ, ಇನ್ನ ಮ್ಯಾಲೆ ಅರ್ಧಾ ದಿನಾ ಬಾ. ನನಗೂ ಆಗವಲ್ದು" ಅಂದರು. ಹದಿನೈದು ಸಾವಿರ ಇದ್ದ ಪಗಾರ ಎಂಟು ಸಾವಿರ ಆಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಷೀನ್ ಮಾರಿದ ದಿನ ಅವರ ಮುಖ ನೋಡಿದವನು ನಾನು.

ಅಷ್ಟೊತ್ತಿಗಾಗಲೇ ಒಂದು ವರ್ಷದಿಂದ ರಾತ್ರಿ ಹೊತ್ತು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ನೋಡುತ್ತಿದ್ದೆ. ಕಾರಣ ದೊಡ್ಡದೇನಲ್ಲ. ನುಡಿಯ ಹಳೇ ಫೈಲುಗಳನ್ನು ಈಗ ಮೊಬೈಲ್, ಕಂಪ್ಯೂಟರ್ ಎಲ್ಲ ಓದುವ ಅಕ್ಷರ ಪದ್ಧತಿ ಯೂನಿಕೋಡ್‌ಗೆ ಬದಲಿಸಿ ಕೊಡಿ ಅಂತ ಗಿರಾಕಿಗಳು ಕೇಳುತ್ತಿದ್ದರು. ಕೈಯಿಂದ ತಿದ್ದಿ ತಿದ್ದಿ ಸಾಕಾಗಿತ್ತು. ಅದಕ್ಕೊಂದು ಸಣ್ಣ ಪ್ರೋಗ್ರಾಂ ಬರೆಯೋಣ ಅಂತ ಕೂತಿದ್ದು. ಅರ್ಧ ದಿನ ಖಾಲಿಯಾದಾಗ ಇದನ್ನೇ ಸರಿಯಾಗಿ ಓದೋಣ ಅನ್ನಿಸಿತು.

2025ರ ಜನವರಿ ಸೆಷನ್‌ಗೆ ಇಗ್ನೋ ಅಂದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಎಂ.ಸಿ.ಎ. (ಕಂಪ್ಯೂಟರ್ ಸ್ನಾತಕೋತ್ತರ ಪದವಿ) ಸೇರಿದೆ. ಪಿ.ಯು.ಸಿ. ಅಥವಾ ಡಿಗ್ರಿಯಲ್ಲಿ ಗಣಿತ ಇರಬೇಕು, ನನಗೆ ಇತ್ತು. ಫೀ ಸೆಮಿಸ್ಟರ್‌ಗೆ ಹನ್ನೆರಡು ಸಾವಿರ, ನಾಲ್ಕು ಸೆಮಿಸ್ಟರ್. ಪರೀಕ್ಷೆ ಫೀ ಬೇರೆ. ಜೂನ್, ಡಿಸೆಂಬರ್‌ನಲ್ಲಿ ಪರೀಕ್ಷೆ. ಅಸೈನ್‌ಮೆಂಟ್ ಕೈಯಲ್ಲೇ ಬರೀಬೇಕು, ಹನ್ನೊಂದು ವರ್ಷ ಕೀಬೋರ್ಡ್ ಕುಟ್ಟಿದ ಕೈಗೆ ಅದೇ ದೊಡ್ಡ ಶಿಕ್ಷೆ. ದೂರಶಿಕ್ಷಣದ ಯಾವುದೇ ಕೋರ್ಸ್ ಸೇರುವ ಮೊದಲು ಒಂದು ಮಾತು: ಆ ಕೋರ್ಸಿಗೆ ಯು.ಜಿ.ಸಿ.ಯ ದೂರಶಿಕ್ಷಣ ಬ್ಯೂರೋದ ಮಾನ್ಯತೆ ಇದೆಯೇ ಅಂತ ನೀವೇ ನೋಡಿಕೊಳ್ಳಿ, ಏಜೆಂಟ್ ಹೇಳಿದ್ದನ್ನು ನಂಬಬೇಡಿ. ಈಗ ಪ್ರವೇಶಕ್ಕೆ ಎ.ಬಿ.ಸಿ. ಐ.ಡಿ. (ಓದಿನ ಕ್ರೆಡಿಟ್ ಲೆಕ್ಕ ಇಡುವ ನಂಬರ್) ಮತ್ತು ಆ ದೂರಶಿಕ್ಷಣ ಬ್ಯೂರೋದ ಡಿ.ಇ.ಬಿ. ಐ.ಡಿ. ಎರಡೂ ಬೇಕು. ಎ.ಬಿ.ಸಿ. ಐ.ಡಿ. ಡಿಜಿಲಾಕರ್‌ನಲ್ಲೇ ಸಿಗುತ್ತದೆ. ಎರಡಕ್ಕೂ ದುಡ್ಡಿಲ್ಲ.

ದುಡ್ಡಿಲ್ಲ ನಿಜ, ಆದರೆ ನನ್ನ ಮೊದಲ ಹದಿನೈದು ದಿನ ಹೋಗಿದ್ದು ಅಲ್ಲೇ. ಹೆಸರಿನ ಗೋಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಆಮೇಲೆ ನನ್ನ ಹೆಸರು, ಕೊನೆಗೆ ಅಪ್ಪನ ಹೆಸರು. ಆಧಾರ್‌ನಲ್ಲಿ ನನ್ನ ಹೆಸರು, ಅಡ್ಡಹೆಸರು, ಅಷ್ಟೇ. ಪ್ಯಾನ್ ಕಾರ್ಡಿನಲ್ಲಿ ಅಡ್ಡಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು 'ಎಚ್' ಜಾಸ್ತಿ. ಊರವರ ಹೆಸರನ್ನೆಲ್ಲ ತಿದ್ದಿ ಹೊಡೆದವನು, ನನ್ನ ಹೆಸರೇ ಮೂರು ಕಡೆ ಮೂರು ನಮೂನಿ. ಅವಸರದಲ್ಲಿ ಮೊದಲು ಪ್ಯಾನ್ ತಿದ್ದಿಸಿದೆ, ಆಮೇಲೆ ಆಧಾರ್ ತಿದ್ದಿಸಿದೆ, ಆಮೇಲೆ ಪ್ಯಾನ್ ಇನ್ನೊಮ್ಮೆ ತಿದ್ದಿಸಬೇಕಾಯಿತು. ಪ್ಯಾನ್‌ಗೆ ಪ್ರತಿ ಸಲ ನೂರಾಏಳು ರೂಪಾಯಿ. ನೀವು ಹೀಗೆ ಮಾಡಬೇಡಿ. ಎಸ್ಸೆಸ್ಸೆಲ್ಸಿ ಕಾರ್ಡನ್ನು ಮುಂದಿಟ್ಟುಕೊಂಡು ಮೊದಲು ಆಧಾರ್ ಸರಿಮಾಡಿಸಿ, ಅದು ಕೈಗೆ ಬಂದ ಮೇಲೆ ಪ್ಯಾನ್, ಆಮೇಲೆ ಬ್ಯಾಂಕ್. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡೇ ಅವಕಾಶ, ನೆನಪಿರಲಿ. ಕೆಲಸ ಸಿಗುವ ತನಕ ಕಾಯಬೇಡಿ, ಆಫರ್ ಲೆಟರ್ ಬಂದ ಮೇಲೆ ಓಡಾಡಲು ಟೈಮ್ ಇರುವುದಿಲ್ಲ.

ಲ್ಯಾಪ್‌ಟಾಪ್ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, 21,500. ಬ್ಯಾಟರಿ ನಲವತ್ತು ನಿಮಿಷ ಬರುತ್ತದೆ. ಈ ನಲವತ್ತು ನಿಮಿಷದ ಕಥೆ ಮುಂದೆ ಬರುತ್ತದೆ.

ಮಾರ್ಚ್‌ನಲ್ಲಿ ದೊಡ್ಡ ತಪ್ಪೊಂದು ಮಾಡಿದೆ. ಹುಬ್ಬಳ್ಳಿಯ ಒಂದು ಕೋಚಿಂಗ್ ಸೆಂಟರ್‌ಗೆ ಸೇರಿದೆ. ಹೆಸರು ಬೇಡ. 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತ ಬೋರ್ಡು, ಫೀ ಮೂವತ್ತೈದು ಸಾವಿರ. ಮೊದಲ ಕಂತು ಹನ್ನೆರಡು ಸಾವಿರ ಕಟ್ಟಿದೆ. ವಾರಕ್ಕೆ ಮೂರು ದಿನ ಗದಗದಿಂದ ರೈಲಿಗೆ ಹೋಗಿಬರುತ್ತಿದ್ದೆ. ಕ್ಲಾಸು ಪರವಾಗಿಲ್ಲ, ಟೆಸ್ಟಿಂಗ್‌ನ ಮೂಲ ಪಾಠ, ಸ್ವಲ್ಪ ಡೇಟಾಬೇಸ್ ಭಾಷೆ ಎಸ್‌.ಕ್ಯೂ.ಎಲ್. ಅದನ್ನೆಲ್ಲ ಪುಕ್ಕಟೆ ಕಲಿಯಬಹುದಿತ್ತು ಅಂತ ಆಮೇಲೆ ಗೊತ್ತಾಯಿತು. ಎನ್‌ಪಿಟೆಲ್ ಅನ್ನೋ ಆನ್‌ಲೈನ್ ತಾಣದಲ್ಲಿ ಐ.ಐ.ಟಿ. ಮೇಷ್ಟ್ರುಗಳ ಪಾಠ ನೋಡಲು ದುಡ್ಡು ಕೇಳುವುದಿಲ್ಲ, ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆಗೆ ಸಾವಿರ ರೂಪಾಯಿ. ಇನ್ಫೋಸಿಸ್‌ನವರ ಕಲಿಕೆ ತಾಣ ಸ್ಪ್ರಿಂಗ್‌ಬೋರ್ಡ್ ಕೂಡ ಪುಕ್ಕಟೆ.

ಎರಡನೇ ತಿಂಗಳು ರೆಸ್ಯೂಮೆ ಮಾಡಿಸುವ ದಿನ ಬಂತು. ಅಲ್ಲಿನ ಪ್ಲೇಸ್‌ಮೆಂಟ್ ನೋಡಿಕೊಳ್ಳುವವರು ನನ್ನ ರೆಸ್ಯೂಮೆ ನೋಡಿದರು. "ಈ ಪ್ರಿಂಟಿಂಗ್ ಪ್ರೆಸ್ ತೆಗೀರಿ ಸರ್, ಇದನ್ನ ನೋಡಿದ್ರ ಯಾರೂ ಕರಿಯಂಗಿಲ್ಲ" ಅಂದರು. ತೆಗೆದರೆ ಹನ್ನೊಂದು ವರ್ಷ ಖಾಲಿ ಕಾಣುತ್ತದಲ್ಲ ಅಂದೆ. ಅದಕ್ಕೂ ಅವರ ಹತ್ತಿರ ಉಪಾಯ ಇತ್ತು. ಬೆಂಗಳೂರಿನ ಒಂದು ಕಂಪನಿಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೀರಿ ಅಂತ ಪತ್ರ, ಪಗಾರದ ಸ್ಲಿಪ್ ಎಲ್ಲ ರೆಡಿ ಮಾಡಿಕೊಡುತ್ತಾರಂತೆ, ಇಪ್ಪತ್ತೈದು ಸಾವಿರ. 'ಎಲ್ಲಾರೂ ಮಾಡ್ತಾರ.'

ಅವತ್ತು ರೈಲಿನಲ್ಲಿ ವಾಪಸ್ ಬರುವಾಗ ಸತ್ಯ ಹೇಳಬೇಕೆಂದರೆ ಲೆಕ್ಕ ಹಾಕುತ್ತಲೇ ಕೂತಿದ್ದೆ. ಹೆಬಸೂರು ದಾಟಿತು, ಅಣ್ಣಿಗೇರಿ ದಾಟಿತು. ಹೆಂಡತಿಯ ಬಳೆ ಒತ್ತೆ ಇಟ್ಟರೆ ಇಪ್ಪತ್ತೈದು ಸಾವಿರ ಆಗುತ್ತದೆ ಅನ್ನುವವರೆಗೂ ಹೋಗಿತ್ತು ಯೋಚನೆ. ಮನೆಗೆ ಬಂದು ಅವಳಿಗೆ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು: "ಅಲ್ಲಿ ಏನ್ ಕೆಲಸ ಮಾಡಿದ್ರಿ ಅಂತ ಕೇಳಿದ್ರ ಏನ್ ಹೇಳ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಬಹಳಷ್ಟು ಕಂಪನಿಗಳು ಸೇರಿಸಿಕೊಳ್ಳುವ ಮುಂಚೆ ಹಿನ್ನೆಲೆ ತಪಾಸಣೆ ಮಾಡಿಸುತ್ತವೆ. ಪಿ.ಎಫ್.ನ ಯು.ಎ.ಎನ್. ನಂಬರ್ ತೆಗೆದರೆ ಎಲ್ಲಿ ಎಷ್ಟು ದಿನ ಇದ್ದಿರಿ ಅಂತ ಕಾಣುತ್ತದೆ. ಸಿಕ್ಕಿಬಿದ್ದರೆ ಆ ಕೆಲಸ ಹೋಗುವುದಂತೂ ಖಂಡಿತ.

ಸುಳ್ಳು ಪತ್ರ ತಗೊಳ್ಳಲಿಲ್ಲ. ಕ್ಲಾಸೂ ಬಿಟ್ಟೆ, ಹನ್ನೆರಡು ಸಾವಿರ ವಾಪಸ್ ಬರಲಿಲ್ಲ. ಆದರೆ ಅವರ ಒಂದು ಮಾತು ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು: ಪ್ರೆಸ್ ತೆಗೀರಿ. ತೆಗೆದೆ. ಅದರ ಜಾಗದಲ್ಲಿ 'ಫ್ರೀಲಾನ್ಸ್ ಡಿಸೈನರ್' ಅಂತ ಹಾಕಿದೆ. ಮುಂದಿನ ಆರು ತಿಂಗಳು ಈ ರೆಸ್ಯೂಮೆಯೇ ಊರೆಲ್ಲ ತಿರುಗಿತು.

ಎಕ್ಸೆಲ್‌ನಲ್ಲಿ ಲೆಕ್ಕ ಇಟ್ಟಿದ್ದೇನೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 143 ಕಡೆ ಅರ್ಜಿ. ಉತ್ತರ ಬಂದಿದ್ದು 11. ಅದರಲ್ಲಿ ಏಳು 'ಕ್ಷಮಿಸಿ' ಅನ್ನುವ ಉತ್ತರಗಳೇ.

ಮೊದಲ ಗೋಡೆ ಅಂದರೆ ಡಿಗ್ರಿ ಪಾಸಾದ ವರ್ಷ. ಫ್ರೆಶರ್ ಕೆಲಸ ಅಂತ ಹಾಕಿರುತ್ತಾರೆ, ಒಳಗೆ ಹೋದರೆ '2024, 2025 ಬ್ಯಾಚ್ ಮಾತ್ರ'. ಒಂದು ಫಾರ್ಮ್‌ನಲ್ಲಿ ವರ್ಷ ಆರಿಸುವ ಪಟ್ಟಿ 2020ಕ್ಕೆ ನಿಂತಿತ್ತು, ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ನನ್ನ 2013ಕ್ಕೆ ಅಲ್ಲಿ ಜಾಗವೇ ಇಲ್ಲ. ಎರಡನೇ ಗೋಡೆ ಶೇಕಡಾ 60. ಹತ್ತನೇ ಕ್ಲಾಸು, ಪಿ.ಯು.ಸಿ., ಡಿಗ್ರಿ, ಮೂರರಲ್ಲೂ ಅರವತ್ತು ಇರಬೇಕು ಅನ್ನುತ್ತಾರೆ. ನನಗೆ ಪಿ.ಯು.ಸಿ.ಯಲ್ಲಿ 54. ಹದಿನೇಳು ವರ್ಷದ ಹುಡುಗನಾಗಿದ್ದಾಗ ಕೆಮಿಸ್ಟ್ರಿಯಲ್ಲಿ ಕಳೆದುಕೊಂಡ ಅಂಕ ಈಗ ಬಂದು ಬಾಗಿಲು ಹಾಕುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಪಾಸಾದ ವರ್ಷದ ಈ ತೊಡಕಿಗೆ ಒಂದು ಸಣ್ಣ ದಾರಿ ಇದೆ. ನೀವು ಈಗ ಎಂ.ಸಿ.ಎ.ನೋ ಬಿ.ಸಿ.ಎ.ನೋ ಓದುತ್ತಿದ್ದರೆ, ಅದು ಮುಗಿಯುವ ವರ್ಷವನ್ನು ಮೊದಲು ಬರೆಯಿರಿ. ಅದು ಸುಳ್ಳಲ್ಲ. ನನ್ನ ಮಟ್ಟಿಗೆ '2026, ಎಂ.ಸಿ.ಎ., ಓದುತ್ತಿದ್ದೇನೆ' ಅಂತ ಮೇಲೆ ಹಾಕಿದ ಮೇಲೆ ಒಂದೆರಡು ಕಡೆಯಿಂದ ಟೆಸ್ಟ್ ಲಿಂಕ್ ಬಂತು. ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಸಿಗುತ್ತಾ ಅಂತ ನನ್ನನ್ನು ಕೆಲವರು ಕೇಳಿದ್ದಾರೆ. ಅದು 2022-23 ಮತ್ತು ಆಮೇಲೆ ಪಾಸಾದವರಿಗೆ, ಅದೂ ಮುಂದೆ ಓದುತ್ತಿದ್ದರೆ ಇಲ್ಲ. ನಮ್ಮಂಥವರಿಗೆ ಎರಡೂ ಕಡೆಯಿಂದ ಇಲ್ಲ.

ಇನ್ನು ಆ ನಲವತ್ತು ನಿಮಿಷ. ಜುಲೈನಲ್ಲಿ ಒಂದು ಆನ್‌ಲೈನ್ ಟೆಸ್ಟ್, ಮನೆಯಿಂದಲೇ, ಕ್ಯಾಮೆರಾ ಹಾಕಿಕೊಂಡು ಬರೆಯುವುದು. ತೊಂಬತ್ತು ನಿಮಿಷದ ಪರೀಕ್ಷೆ. ಶುರುವಾಗಿ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಗೆ ಬಂತು, ನಾನು ಗಡಿಯಾರ ನೋಡುತ್ತಾ ಲಾಭ-ನಷ್ಟದ ಲೆಕ್ಕ ಬಿಡಿಸುತ್ತಿದ್ದೇನೆ. ಆಗ ಅವ್ವ ಬಂದಳು, ಕೈಯಲ್ಲಿ ಚಾ. "ತಗೋ, ಆರತೈತಿ" ಅಂದಳು. ನಾನು ಬಾಯಿ ಬಿಡುವಂತಿಲ್ಲ, ಕಣ್ಣಲ್ಲೇ ಹೋಗು ಅಂದೆ. ಅವಳಿಗೆ ಗಾಬರಿ. "ಯಾಕ, ಏನಾತು? ಕಣ್ಣಿಗೆ ಏನರ ಬಿತ್ತೇನು?" ಅಂತ ಇನ್ನೂ ಹತ್ತಿರ ಬಂದು ಮುಖ ನೋಡಿದಳು. ಪರದೆ ಮೇಲೆ ಕೆಂಪಕ್ಷರ: ಇನ್ನೊಬ್ಬ ವ್ಯಕ್ತಿ ಕಂಡಿದ್ದಾರೆ, ಮೊದಲ ಎಚ್ಚರಿಕೆ. ಎರಡನೇ ಎಚ್ಚರಿಕೆಯ ಮೊದಲೇ ಬ್ಯಾಟರಿ ಮುಗಿದು ಎಲ್ಲ ಕಪ್ಪಾಯಿತು.

ಅವತ್ತು ನಗು ಬರಲಿಲ್ಲ. ಚಾ ಕುಡಿದು ಪ್ರೆಸ್ಸಿಗೆ ಹೋದೆ. ಅದಾದ ಮೇಲೆ ಇಂಥ ಟೆಸ್ಟ್ ಇದ್ದ ದಿನ ಸ್ನೇಹಿತನ ಅಂಗಡಿಯ ಒಳಕೋಣೆಯಲ್ಲಿ ಕೂರುತ್ತಿದ್ದೆ, ಅಲ್ಲಿ ಯು.ಪಿ.ಎಸ್. ಇದೆ. ಮೊಬೈಲ್ ಹಾಟ್‌ಸ್ಪಾಟ್ ಕೂಡ ರೆಡಿ ಇಟ್ಟುಕೊಳ್ಳಿ. ಬೇರೆ ವಿಂಡೋಗೆ ಹೋದರೂ ಎಚ್ಚರಿಕೆ ಬರುತ್ತದೆ, ವಾಟ್ಸಾಪ್ ವೆಬ್ ತೆರೆದಿದ್ದರೆ ಮೊದಲು ಮುಚ್ಚಿ.

ಆಗಸ್ಟ್‌ನಲ್ಲಿ ಹುಬ್ಬಳ್ಳಿಯಲ್ಲಿ ಒಂದು ವಾಕ್-ಇನ್ ಇಂಟರ್‌ವ್ಯೂ. ಸ್ಟೇಷನ್ನಿನಲ್ಲಿ ಇಳಿದು ಚಿಗರಿ ಬಸ್ ಹಿಡಿದು ಒಂಬತ್ತಕ್ಕೆಲ್ಲ ಹೋದೆ. ಇಸ್ತ್ರಿ ಅಂಗಿ, ಶೂ, ಕಂಕುಳಲ್ಲಿ ಫೈಲ್. ಗೇಟಿನ ಹತ್ತಿರ ಮುನ್ನೂರು ಹುಡುಗ ಹುಡುಗಿಯರು. ನಾನು ಹೋಗುತ್ತಿದ್ದಂತೆ ಮುಂದಿದ್ದವರು ಸರಿದು ದಾರಿ ಬಿಟ್ಟರು. ಒಬ್ಬ ಹುಡುಗ ಬಂದು ಕೈಮುಗಿದು ಕೇಳಿದ, "ಸರ್, ನೀವ್ ಇಂಟರ್‌ವ್ಯೂ ತಗೊಳ್ಳೋರಾ? ಒಳಗ ಎಷ್ಟ್ ರೌಂಡ್ ಅದಾವ್ರಿ?" ನಾನೂ ಕ್ಯಾಂಡಿಡೇಟ್ ಅಂತ ಹೇಳಲು ಬಾಯಿ ಬರಲಿಲ್ಲ. "ಗೊತ್ತಿಲ್ಲಪ್ಪಾ" ಅಂದು ಹಿಂದೆ ಹೋಗಿ ಸಾಲಿನ ಕೊನೆಗೆ ನಿಂತೆ. ಸಾಲು ತಿರುಗಿದಾಗ ಅವನು ನನ್ನನ್ನು ನೋಡಿದ. ಪಾಪ, ಅವನೇ ತಲೆ ತಗ್ಗಿಸಿದ.

ಮೂರೂವರೆಗೆ ಕರೆದರು. ನಿಮ್ಮ ಬಗ್ಗೆ ಹೇಳಿ ಅಂದರು, ಇಂಗ್ಲಿಷ್‌ನಲ್ಲಿ. ರೈಲಿನಲ್ಲಿ ಬಾಗಿಲ ಹತ್ತಿರ ನಿಂತು ಇಪ್ಪತ್ತು ಸಲ ಹೇಳಿಕೊಂಡಿದ್ದೆ, ಚೆನ್ನಾಗಿಯೇ ಹೇಳಿದೆ. 'ಫ್ರೀಲಾನ್ಸ್ ಡಿಸೈನರ್' ಅಂದಾಗ ಇಂಟರ್‌ವ್ಯೂ ತಗೊಳ್ಳುತ್ತಿದ್ದ ಹೆಣ್ಣುಮಗಳು ತಲೆ ಎತ್ತಿದರು. ಯಾರಿಗೆ ಕೆಲಸ ಮಾಡಿದ್ರಿ, ಪೋರ್ಟ್‌ಫೋಲಿಯೋ ಎಲ್ಲಿ, ಯಾಕೆ ಟೆಸ್ಟಿಂಗ್? ನಾನು ತೊದಲಿದೆ. ಲಗ್ನಪತ್ರಿಕೆ ಅನ್ನೋ ಶಬ್ದ ಬಾಯಿಗೆ ಬಂದರೂ ನುಂಗಿಕೊಂಡೆ. ಐದು ನಿಮಿಷದಲ್ಲಿ ಮುಗಿಯಿತು. ಸ್ಟೇಷನ್ನಿಗೆ ವಾಪಸ್ ಬಂದು ಒಂದು ಗಿರಮಿಟ್ ತಿಂದೆ, ಖಾರ ಜಾಸ್ತಿ ಇತ್ತು, ಕಣ್ಣಲ್ಲಿ ನೀರು ಬಂದಿದ್ದಕ್ಕೆ ಅದನ್ನೇ ಕಾರಣ ಅಂದುಕೊಳ್ಳಬಹುದಿತ್ತು.

ಸೆಪ್ಟೆಂಬರ್‌ನಲ್ಲಿ ಮೋಸವೂ ಹೋದೆ. ಮನೆಯಿಂದಲೇ ಡೇಟಾ ಕೆಲಸ, ಆಯ್ಕೆ ಆಗಿದೆ ಅಂತ ಆಫರ್ ಲೆಟರ್ ಬಂತು, ಲೋಗೋ ಸಮೇತ. ದಾಖಲೆ ಪರಿಶೀಲನೆಗೆ 1,499 ಕಟ್ಟಿ ಅಂದರು. ಕಟ್ಟಿದೆ. ಆಮೇಲೆ ಲ್ಯಾಪ್‌ಟಾಪ್ ಡೆಪಾಸಿಟ್ ಆರು ಸಾವಿರ ಅಂದಾಗ ತಲೆಗೆ ಬಂತು. ಮೇಲ್ ಬಂದಿದ್ದು ಜಿಮೇಲ್‌ನಿಂದ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆ, ದುಡ್ಡು ಬಂದಿಲ್ಲ. ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳುವುದಿಲ್ಲ, ಅಷ್ಟು ನೆನಪಿಟ್ಟರೆ ಸಾಕು.

ಇಷ್ಟೆಲ್ಲದರ ನಡುವೆ ಜೂನ್ ಪರೀಕ್ಷೆಯೂ ಬಂದು ಹೋಗಿತ್ತು. ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್ ಪಾಸಾಗದೆ ಉಳಿಯಿತು. ಬಾಕಿ ಎಲ್ಲ ಪಾಸ್.

ನೆಮ್ಮದಿ ಕೊಡುತ್ತಿದ್ದುದು ಒಂದೇ, ರಾತ್ರಿ ಕೂತು ತಿದ್ದುತ್ತಿದ್ದ ನನ್ನ ಆ ಪ್ರೋಗ್ರಾಂ. ಅದರಲ್ಲೂ ಅರ್ಕಾವೊತ್ತು. ನುಡಿಯ ಹಳೇ ಫಾಂಟ್‌ನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ಕೂತಿರುತ್ತವೆ. 'ಆಶೀರ್ವಾದ' ಅಂದರೆ ಆ, ಶೀ, ವಾ, ಅದರ ಮುಂದೆ ಅರ್ಕಾವೊತ್ತಿನ ಕೊಂಡಿ, ಆಮೇಲೆ ದ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ: ರ್ ಮೊದಲು, ವಾ ಆಮೇಲೆ. ಅಂದರೆ ಕೊಂಡಿ ಸಿಕ್ಕಾಗ ಪ್ರೋಗ್ರಾಂ ಅದನ್ನು ಕಿತ್ತು ಹಿಂದಕ್ಕೆ ಒಯ್ದು ಇಡಬೇಕು. ಮೊದಲು ನಾನು ಒಂದೇ ಮನೆ ಹಿಂದೆ ಒಯ್ಯುತ್ತಿದ್ದೆ. 'ಧರ್ಮ' ಸರಿ ಬರುತ್ತಿತ್ತು, 'ಆಶೀರ್ವಾದ' ಕೆಡುತ್ತಿತ್ತು. ಯಾಕೆಂದರೆ ವಾ ಅನ್ನೋದು ಕಣ್ಣಿಗೆ ಒಂದು ಅಕ್ಷರ, ಒಳಗೆ ಎರಡು: ವ ಬೇರೆ, ದೀರ್ಘ ಬೇರೆ. ರ್ ಅವೆರಡರ ನಡುವೆ ಹೋಗಿ ಕೂರುತ್ತಿತ್ತು. ಒತ್ತಕ್ಷರವೂ ಇದ್ದರೆ ಇನ್ನೂ ಹಿಂದೆ ಹೋಗಬೇಕು. ಇದು ಹೊಳೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಹೊಳೆದ ರಾತ್ರಿ ಎರಡು ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಛಲೋ ಆತು, ಮಕ್ಕೋರಿ ಇನ್ನ" ಅಂದಳು.

ಅಕ್ಟೋಬರ್ ಕೊನೆಯ ವಾರ ನಮ್ಮ ಪ್ರೆಸ್ಸಿಗೆ ಒಂದು ಪತ್ತಿನ ಸೊಸೈಟಿಯ ಸೆಕ್ರೆಟರಿ ಬಂದರು. ಹಳೇ ಗಿರಾಕಿ. ಅವರ ಸದಸ್ಯರ ಪಟ್ಟಿ ಎಂಟು ವರ್ಷ ನಾನೇ ಹೊಡೆದಿದ್ದೇನೆ. ಪ್ರೂಫ್ ನೋಡುತ್ತಾ ಹೇಳಿದರು: "ನೀ ಮಾಡಿದ್ರಾಗ ಹೆಸರು ಬರೋಬ್ಬರಿ ಬರ್ತಾವು. ನಮ್ಮ ಹೊಸಾ ಸಾಫ್ಟ್‌ವೇರ್‌ನ್ಯಾಗ ಯಾಕ ಹಿಂಗಪಾ? ಹರ್ಲಾಪುರ ಅಂತ ಹುಡುಕಿದ್ರ ಅರ್ಧಾ ಮಂದಿ ಸಿಗಂಗಿಲ್ಲ." ನಾನು ಪ್ರಿಂಟೌಟ್ ನೋಡಿದೆ. ನನ್ನ ಹನ್ನೊಂದು ದಿನದ ಗೋಳು ಅಲ್ಲಿ ಪುಟ ಪುಟಕ್ಕೂ ಇತ್ತು. ಅಲ್ಲೇ ನನ್ನ ಲ್ಯಾಪ್‌ಟಾಪ್ ತೆಗೆದು, ಅವರ ಹಳೇ ಫೈಲಿನ ಒಂದು ಪುಟ ಬದಲಿಸಿ ತೋರಿಸಿದೆ.

ಸೆಕ್ರೆಟರಿ ಅಲ್ಲಿಂದಲೇ ಸಾಫ್ಟ್‌ವೇರ್ ಕೊಟ್ಟ ಹುಬ್ಬಳ್ಳಿಯವರಿಗೆ ಫೋನ್ ಮಾಡಿದರು. ಬೈಯಲು ಮಾಡಿದ್ದು ಅದು. ಮಾತಿನ ಕೊನೆಗೆ "ಇಲ್ಲಿ ಪ್ರೆಸ್‌ನ್ಯಾಗ ಒಬ್ಬ ಹುಡುಗ ಅದಾನು, ಅವನ್ನ ಕೇಳ್ರಿ" ಅಂದು ಫೋನ್ ನನ್ನ ಕೈಗೆ ಕೊಟ್ಟರು. ಹುಡುಗ!

ಮುಂದಿನ ಬುಧವಾರ ಬನ್ನಿ ಅಂದರು. ಹಿಂದಿನ ರಾತ್ರಿ ರೆಸ್ಯೂಮೆ ಹೊಸದಾಗಿ ಬರೆದೆ. ಮೇಲೆ ಎಂ.ಸಿ.ಎ., ಅದರ ಕೆಳಗೆ ಪ್ರೆಸ್: ಹನ್ನೊಂದು ವರ್ಷ, ಕನ್ನಡ ಡಿ.ಟಿ.ಪಿ. ಮತ್ತು ಪ್ರೂಫ್, ನುಡಿ, ಯೂನಿಕೋಡ್. ಪ್ರೋಗ್ರಾಂ ಅನ್ನು ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಹಾಕಿ ಲಿಂಕ್ ಕೊಟ್ಟೆ.

ಕಂಪನಿ ಅಂದರೆ ಎರಡನೇ ಮಹಡಿಯಲ್ಲಿ ಹದಿನಾಲ್ಕು ಜನ. ಸುತ್ತಿಬಳಸಿ ಏನೂ ಕೇಳಲಿಲ್ಲ. ಒಂದು ಕಂಪ್ಯೂಟರ್ ಮುಂದೆ ಕೂರಿಸಿ, ಸದಸ್ಯರನ್ನು ಹುಡುಕುವ ಪುಟ ತೆರೆದುಕೊಟ್ಟು, "ನಲವತ್ತು ನಿಮಿಷ, ಏನೇನು ತಪ್ಪು ಸಿಗ್ತಾವ ಬರೀರಿ" ಅಂದರು. ಈ ನಲವತ್ತು ನಿಮಿಷ ಬೇರೆ ನಮೂನಿ ಹೋಯಿತು. ಸುರೇಶ್ ಅಂತ ಹುಡುಕಿದೆ, ಮೂವರು ಬಂದರು. ಪಟ್ಟಿ ಕೆಳಗೆ ಎಳೆದರೆ ಇನ್ನೂ ನಾಲ್ಕು ಸುರೇಶ್ ಕಣ್ಣಿಗೆ ಕಾಣುತ್ತಿದ್ದಾರೆ. ಅಕ್ಷರ ಒಂದೇ, ಒಂದು ಚುಕ್ಕಿ ವ್ಯತ್ಯಾಸವಿಲ್ಲ. ಎರಡೂ ಹೆಸರನ್ನು ಪೈಥಾನ್‌ಗೆ ಹಾಕಿ ಉದ್ದ ಎಣಿಸಿದೆ. ಒಂದು ಆರು, ಇನ್ನೊಂದು ಏಳು. ಕೊನೆಯ 'ಶ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಕೋಡ್ ಕೂತಿದೆ. ಒತ್ತಕ್ಷರ ಆಗದಂತೆ ಅರ್ಧಾಕ್ಷರವನ್ನು ತಡೆಯಲು ಹಾಕುವ ಶೂನ್ಯ ಅಗಲದ ಅಕ್ಷರ ಅದು, ಕೆಲವು ಕೀಬೋರ್ಡ್‌ಗಳು ಅದನ್ನು ತಾವೇ ಸೇರಿಸುತ್ತವೆ. ಬರೆದುಕೊಟ್ಟೆ. ಒಟ್ಟು ಒಂಬತ್ತು ತಪ್ಪು. ಅವುಗಳಲ್ಲಿ ಎರಡು ತಪ್ಪೇ ಅಲ್ಲ ಅಂತ ಆಮೇಲೆ ಗೊತ್ತಾಯಿತು, ಇರಲಿ.

ಅವರು ಹಾಳೆಯನ್ನು ಎರಡು ಸಲ ಓದಿ ಕೇಳಿದರು, "ಪ್ರೆಸ್‌ನ್ಯಾಗ ಏನೇನ್ ಮಾಡ್ತಿದ್ರಿ?" ಇಂಗ್ಲಿಷ್ ಮರೆತು ಅರ್ಧ ಗಂಟೆ ಮಾತಾಡಿದೆ. ಐದುನೂರು ಕಾರ್ಡಿನ ಕಥೆಯನ್ನೂ ಹೇಳಿದೆ.

ನವೆಂಬರ್ ಮಧ್ಯದಲ್ಲಿ ಆಫರ್ ಬಂತು. ಬಂದ ಮೇಲೂ ಕಾಗದಪತ್ರದ ಕೆಲಸ ಆರು ವಾರ ತಿಂದಿತು. ಎಸ್ಸೆಸ್ಸೆಲ್ಸಿ, ಪಿ.ಯು.ಸಿ., ಡಿಗ್ರಿಯ ಎಲ್ಲಾ ಸೆಮಿಸ್ಟರ್ ಮಾರ್ಕ್ಸ್ ಕಾರ್ಡು, ಆಧಾರ್, ಪ್ಯಾನ್, ಪಾಸ್‌ಬುಕ್, ಇಗ್ನೋ ಐ.ಡಿ. ಕಾರ್ಡು. ಘಟಿಕೋತ್ಸವದ ಸರ್ಟಿಫಿಕೇಟ್ ಕೇಳಿದಾಗ ಬಾಯಿ ಒಣಗಿತು. ಹನ್ನೆರಡು ವರ್ಷದಿಂದ ಅದನ್ನು ತೆಗೆಸಿಯೇ ಇರಲಿಲ್ಲ, ತಪ್ಪು ನನ್ನದೇ. ಧಾರವಾಡಕ್ಕೆ ಎರಡು ಸಲ ಓಡಾಡಿ ಅರ್ಜಿ, ಫೀ ಕಟ್ಟಿದೆ. ಅಲ್ಲಿಯವರೆಗೆ ಹಳೇ ಪ್ರೊವಿಜನಲ್ ಸರ್ಟಿಫಿಕೇಟ್ ಜೊತೆ ಅರ್ಜಿಯ ರಸೀದಿ ಕೊಟ್ಟೆ, ಒಪ್ಪಿಕೊಂಡರು. ಮಾರ್ಕ್ಸ್ ಕಾರ್ಡಿನ ಹಳೇ ಹೆಸರು, ಈಗಿನ ಹೆಸರು ಒಬ್ಬನದೇ ಅಂತ ನೂರು ರೂಪಾಯಿ ಇ-ಸ್ಟಾಂಪ್ ಮೇಲೆ ನೋಟರಿ ಮಾಡಿಸಿದ ಅಫಿಡವಿಟ್ ಕೂಡ ಕೊಟ್ಟೆ.

ಪ್ರೆಸ್ಸಿನ ಪಗಾರಕ್ಕೆ ದಾಖಲೆ? ಕೈಯಲ್ಲೇ ಕೊಡುತ್ತಿದ್ದರು, ಸ್ಲಿಪ್ಪೂ ಇಲ್ಲ, ಪಿ.ಎಫ್. ಕೂಡ ಇಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಪ್ರೆಸ್ಸಿನ ಲೆಟರ್‌ಹೆಡ್ ಮೇಲೆ ಒಂದು ಪತ್ರ, ಅದರಲ್ಲಿ ಜಿ.ಎಸ್‌.ಟಿ. ನಂಬರ್ ಮತ್ತು ಮಾಲೀಕರ ಫೋನ್ ನಂಬರ್ ಇದ್ದರೆ ಸಾಕು ಅಂದರು. ಆ ಪತ್ರವನ್ನು ನಾನೇ ಟೈಪ್ ಮಾಡಿದೆ, ಅಲ್ಲಿ ಡಿ.ಟಿ.ಪಿ.ಯವನು ಇನ್ನೂ ನಾನೇ ಅಲ್ವಾ. ಸಾವ್ಕಾರ್ರು ಕನ್ನಡಕ ಹಾಕಿಕೊಂಡು ಓದಿದರು, 'ಪ್ರಾಮಾಣಿಕ' ಅನ್ನೋ ಶಬ್ದ ಸೇರಿಸು ಅಂದರು, ಸೇರಿಸಿದೆ. ಸಹಿ ಮಾಡಿ, "ರವಿವಾರ ಒಂದಿನಾ ಬರ್ತೀ ಹೌದಿಲ್ಲೋ?" ಅಂದರು.

ಖರ್ಚಿನ ಲೆಕ್ಕ ಕೇಳುವವರಿಗೆ: ಲ್ಯಾಪ್‌ಟಾಪ್ 21,500, ಎರಡು ಸೆಮಿಸ್ಟರ್ ಫೀ 24,000, ಕೋಚಿಂಗ್‌ಗೆ ನೀರಿಗೆ ಹಾಕಿದ 12,000, ಮೋಸ ಹೋದ 1,499, ಪರೀಕ್ಷೆ ಫೀ, ಜೆರಾಕ್ಸ್, ರೈಲು, ನೋಟರಿ ಎಲ್ಲ ಸೇರಿ ಇನ್ನೊಂದು ಒಂಬತ್ತು ಸಾವಿರ. ಸ್ಟೈಪೆಂಡ್ ಆರು ತಿಂಗಳು ಹದಿಮೂರು ಸಾವಿರ, ಆಮೇಲೆ ಇಪ್ಪತ್ತು. ಪ್ರೆಸ್ಸಿನ ಪೂರ್ತಿ ಪಗಾರಕ್ಕಿಂತ ಸದ್ಯಕ್ಕೆ ಕಡಿಮೆಯೇ. ರೈಲಿನ ತಿಂಗಳ ಪಾಸ್ ಐದುನೂರರ ಒಳಗೆ ಆಗುತ್ತದೆ ಅನ್ನೋದೇ ಉಳಿತಾಯ. ಬಸ್ಸಾದರೆ ಈ ಪಗಾರದಲ್ಲಿ ಗದಗದಿಂದ ದಿನಾ ಓಡಾಡಲು ಆಗುವುದಿಲ್ಲ.

ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್ ಡಿಸೆಂಬರ್‌ನಲ್ಲಿ ಮತ್ತೆ ಬರೆದೆ, ಮತ್ತೆ ಉಳಿಯಿತು. ಜೂನ್‌ಗೆ ಇನ್ನೊಮ್ಮೆ ಇನ್ನೂರು ರೂಪಾಯಿ ಕಟ್ಟಬೇಕು. ಟ್ರೈನಿಗಳಿಗೆ ಪರೀಕ್ಷೆ ರಜೆಗೆ ಪಗಾರ ಇಲ್ಲ ಅಂತ ಸೇರುವಾಗಲೇ ಹೇಳಿದ್ದರು, ನೀವೂ ಮೊದಲೇ ಕೇಳಿ ಬರೆಸಿಕೊಳ್ಳಿ. ಪಕ್ಕದ ಕು‍ರ್ಚಿಯ ಹುಡುಗ ಬಿ.ಇ.ಯಲ್ಲಿ ಆ ವಿಷಯಕ್ಕೆ ಎಂಬತ್ತೆರಡು ತೆಗೆದಿದ್ದಾನಂತೆ. ಊಟದ ಹೊತ್ತಿನಲ್ಲಿ ದಿನಾ ಹದಿನೈದು ನಿಮಿಷ ಹೇಳಿಕೊಡುತ್ತಿದ್ದಾನೆ. ನಿನ್ನೆ ನಾನೇ ಅವನಿಗೆ 'ಸರ್' ಅಂದೆ, ಹುಡುಗನ ಕಿವಿ ಕೆಂಪಾಯಿತು.